ಅಪ್ಪನ ಕಾರಿನ ಹಿಂದಿನ ಸೀಟು: ಮಸಲ್ ಕಾರಿನ ಹುಚ್ಚು ಹತ್ತಿಸಿದ್ದು ಮನೆ ಕಾರೇ!

2020ರ ಜನವರಿ 10. ಅಮೆರಿಕದ ಫ್ಲೋರಿಡಾ ರಾಜ್ಯದ ಕಿಸ್ಸಿಮ್ಮಿಯಲ್ಲಿ ಹಳೆಯ ಕಾರುಗಳ ಹರಾಜು. ವೇದಿಕೆಗೆ ಬಂದ ಹಸಿರು ಬಣ್ಣದ 1968ರ ಫೋರ್ಡ್ ಮಸ್ಟಾಂಗ್ ನೋಡಲು ಅಂಥ ಚೆಂದವೇನೂ ಇರಲಿಲ್ಲ. ಬಣ್ಣ ಮಾಸಿತ್ತು, ಮೈಮೇಲೆ ಅಲ್ಲಲ್ಲಿ ತುಕ್ಕು, ತಗ್ಗು. ಆದರೂ ಕಮಿಷನ್ ಸೇರಿ ಅದು ಮಾರಾಟವಾಗಿದ್ದು 37.4 ಲಕ್ಷ ಡಾಲರ್‌ಗೆ! ಅಂದಿನ ಲೆಕ್ಕದಲ್ಲಿ 26 ಕೋಟಿ ರೂಪಾಯಿಗೂ ಹೆಚ್ಚು.

ಕಾರಣ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. 1968ರ 'ಬುಲಿಟ್' ಸಿನಿಮಾದಲ್ಲಿ ನಟ ಸ್ಟೀವ್ ಮೆಕ್‌ಕ್ವೀನ್ ಸ್ಯಾನ್ ಫ್ರಾನ್ಸಿಸ್ಕೋದ ಏರು ತಗ್ಗಿನ ಬೀದಿಗಳಲ್ಲಿ ಓಡಿಸಿದ್ದ ಕಾರು ಅದು. ಹತ್ತು ನಿಮಿಷ ಮೀರಿದ ಆ ಚೇಸ್ ದೃಶ್ಯವನ್ನು ಕಾರು ಪ್ರಿಯರು ಇವತ್ತಿಗೂ ಮತ್ತೆ ಮತ್ತೆ ನೋಡುತ್ತಾರೆ.

ಆದರೆ ಈ ಕಾರಿನ ಇನ್ನೊಂದು ಕಥೆ ಸಿನಿಮಾದಷ್ಟು ಪ್ರಸಿದ್ಧವಲ್ಲ. ಅದು ಬಹುಕಾಲ ಒಂದು ಸಾಮಾನ್ಯ ಕುಟುಂಬದ ಮನೆ ಕಾರಾಗಿತ್ತು. 1974ರಲ್ಲಿ ನ್ಯೂಜೆರ್ಸಿಯ ವ್ಯಕ್ತಿಯೊಬ್ಬರು ಪತ್ರಿಕೆಯ ಜಾಹೀರಾತು ನೋಡಿ, 6,000 ಡಾಲರ್ ಕೊಟ್ಟು ಕೊಂಡಿದ್ದರು. ಅವರ ಪತ್ನಿ ಇದೇ ಕಾರಿನಲ್ಲಿ ಪಾಠ ಮಾಡಲು ಶಾಲೆಗೆ ಹೋಗಿ ಬರುತ್ತಿದ್ದರು. 1977ರಲ್ಲಿ ಸ್ವತಃ ಮೆಕ್‌ಕ್ವೀನ್ ಪತ್ರ ಬರೆದು ಕಾರು ಕೇಳಿದರು. ಕುಟುಂಬ ಕೊಡಲಿಲ್ಲ. 1980ರ ಹೊತ್ತಿಗೆ ಕ್ಲಚ್ ಕೆಟ್ಟು ಕಾರು ಮೂಲೆ ಸೇರಿತು. ಮಗನ ಬಾಲ್ಯದುದ್ದಕ್ಕೂ ಅದು ನಿಂತಲ್ಲೇ ನಿಂತಿತ್ತು. ಅಪ್ಪ ತೀರಿಕೊಂಡ ಬಳಿಕ ಮಗನೇ ಅದನ್ನು ಮತ್ತೆ ಓಡುವಂತೆ ಮಾಡಿ, 2018ರ ಡೆಟ್ರಾಯಿಟ್ ಆಟೋ ಶೋನಲ್ಲಿ ಜಗತ್ತಿಗೆ ತೋರಿಸಿದರು. ಹೊಸ ಬಣ್ಣ ಬಳಿಯಲಿಲ್ಲ, ತಗ್ಗು ತಟ್ಟಿ ಸರಿಪಡಿಸಲೂ ಇಲ್ಲ.

ಮಸಲ್ ಕಾರಿನ ಅಭಿಮಾನಿಗಳನ್ನು 'ಈ ಹುಚ್ಚು ಯಾವಾಗಿನಿಂದ?' ಎಂದು ಕೇಳಿ ನೋಡಿ. ರೇಸಿನ ಮಾತು, ಸಿನಿಮಾದ ಮಾತು ಆಮೇಲೆ ಬರುತ್ತದೆ. ಮೊದಲು ಬರುವುದು ಅಪ್ಪನ ಕಾರು, ಚಿಕ್ಕಪ್ಪನ ಕಾರು, ಅಜ್ಜನ ಶೆಡ್ಡು. ಇದು ಬರೀ ಭಾವುಕತೆಯಲ್ಲ. ಮಸಲ್ ಕಾರು ಹುಟ್ಟಿದ ಬಗೆಯಲ್ಲೇ ಇದಕ್ಕೆ ಉತ್ತರವಿದೆ.

ಏನಿದು ಮಸಲ್ ಕಾರು?

ಫೆರಾರಿ, ಲ್ಯಾಂಬೋರ್ಗಿನಿಯಂಥವು ಹುಟ್ಟುತ್ತಲೇ ಸ್ಪೋರ್ಟ್ಸ್ ಕಾರುಗಳು. ಎರಡೇ ಸೀಟು, ನೆಲಕ್ಕೆ ತಾಗುವಂತಿರುವ ಮೈ, ಶ್ರೀಮಂತರಿಗಷ್ಟೇ ಎಟುಕುವ ಬೆಲೆ. ಮಸಲ್ ಕಾರು ಹಾಗಲ್ಲ. ಅಮೆರಿಕದ ಮಧ್ಯಮ ವರ್ಗದವರು ಮಕ್ಕಳನ್ನು ಶಾಲೆಗೆ ಬಿಡಲು, ದಿನಸಿ ತರಲು ಬಳಸುತ್ತಿದ್ದ ಮಧ್ಯಮ ಗಾತ್ರದ ಕಾರಿನ ಬಾನೆಟ್ ತೆರೆದು, ಒಳಗೆ ದೊಡ್ಡ ಕಾರಿನ ಭಾರೀ ವಿ8 ಎಂಜಿನ್ ಇಟ್ಟರೆ ಅದೇ ಮಸಲ್ ಕಾರು. ಹಿಂದೆ ಮೂವರು ಕೂರುವ ಸೀಟೂ ಉಂಟು, ಡಿಕ್ಕಿಯೂ ಉಂಟು.

ಈ ಕಥೆಗೆ ಒಂದು ಸ್ವಾರಸ್ಯಕರ ಆರಂಭವಿದೆ. 1963ರ ಜನವರಿಯಲ್ಲಿ ಜನರಲ್ ಮೋಟಾರ್ಸ್ ತನ್ನ ಎಲ್ಲ ವಿಭಾಗಗಳಿಗೂ ರೇಸಿನಿಂದ ದೂರ ಇರಿ ಎಂದು ಕಟ್ಟಪ್ಪಣೆ ಮಾಡಿತು. ಅದರ ಪಾಂಟಿಯಾಕ್ ವಿಭಾಗಕ್ಕೆ ಇದು ದೊಡ್ಡ ಪೆಟ್ಟು. ಯುವಕರು ಪಾಂಟಿಯಾಕ್ ಕೊಳ್ಳುತ್ತಿದ್ದುದೇ ಅದು ರೇಸಿನಲ್ಲಿ ಗೆಲ್ಲುತ್ತಿತ್ತು ಎಂಬ ಕಾರಣಕ್ಕೆ. ಆಗ ಮುಖ್ಯ ಎಂಜಿನಿಯರ್ ಆಗಿದ್ದ ಜಾನ್ ಡಿಲೋರಿಯನ್ ಮತ್ತು ಅವರ ತಂಡ 'ಟೆಂಪೆಸ್ಟ್' ಎಂಬ ಸಾಧು ಸ್ವಭಾವದ ಮನೆ ಕಾರನ್ನು ಮುಂದಿಟ್ಟುಕೊಂಡು ಯೋಚಿಸುತ್ತಿದ್ದಾಗ ಒಂದು ವಿಷಯ ಹೊಳೆಯಿತು. ಟೆಂಪೆಸ್ಟ್‌ನ ವಿ8 ಎಂಜಿನ್ ಮತ್ತು ಕಂಪನಿಯ ದೊಡ್ಡ ಕಾರುಗಳ 6.4 ಲೀಟರ್ ವಿ8 ಎಂಜಿನ್ ಹೊರ ಅಳತೆಯಲ್ಲಿ ಒಂದೇ! ಒಂದನ್ನು ಎತ್ತಿ ಇನ್ನೊಂದನ್ನು ಅದೇ ಜಾಗದಲ್ಲಿ ಕೂರಿಸಬಹುದಿತ್ತು.

ಆದರೆ ಮಧ್ಯಮ ಗಾತ್ರದ ಕಾರಿನಲ್ಲಿ ಸುಮಾರು 5.4 ಲೀಟರ್‌ಗಿಂತ ದೊಡ್ಡ ಎಂಜಿನ್ ಇರಬಾರದು ಎಂಬ ಕಂಪನಿ ನಿಯಮವಿತ್ತು. ಪಾಂಟಿಯಾಕ್‌ನವರು ರಂಗೋಲಿ ಕೆಳಗೆ ತೂರಿದರು. ನಿಯಮ ಇದ್ದದ್ದು ಹೊಸ ಮಾದರಿಗಳಿಗೆ. ಇದು ಹೊಸ ಮಾದರಿಯೇ ಅಲ್ಲ, ಟೆಂಪೆಸ್ಟ್ ಲೆಮಾನ್ಸ್‌ಗೆ ಗ್ರಾಹಕರು ಬೇಕಾದರೆ ಹಾಕಿಸಿಕೊಳ್ಳಬಹುದಾದ ಪ್ಯಾಕೇಜ್ ಅಷ್ಟೇ ಎಂದರು. ಬೆಲೆ ಸುಮಾರು 295 ಡಾಲರ್. 325 ಅಶ್ವಶಕ್ತಿ, ಎರಡು ಸೈಲೆನ್ಸರ್ ಪೈಪು, ಬಿಗಿಯಾದ ಸಸ್ಪೆನ್ಷನ್. ಹೆಸರು 'ಜಿಟಿಒ'. ಅದನ್ನೂ ಫೆರಾರಿಯಿಂದಲೇ ಎತ್ತಿಕೊಂಡಿದ್ದರು! ಐದು ಸಾವಿರ ಮಾರಾಟವಾದರೆ ಹೆಚ್ಚು ಎಂದುಕೊಂಡಿದ್ದ ಕಾರು 1964ರ ಮೊದಲ ವರ್ಷವೇ 32,450 ಮಾರಾಟವಾಯಿತು. 1966ರಲ್ಲಿ ಅದು 96 ಸಾವಿರ ದಾಟಿತು.

ಉಳಿದ ಕಂಪನಿಗಳೂ ಇದೇ ದಾರಿ ಹಿಡಿದವು. 1964ರ ಏಪ್ರಿಲ್ 17ರಂದು ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಹೊರಬಂದ ಫೋರ್ಡ್ ಮಸ್ಟಾಂಗ್‌ನ ಸುಂದರ ಮೈಯ ಕೆಳಗೆ ಇದ್ದದ್ದು 'ಫಾಲ್ಕನ್' ಎಂಬ ಮಿತವ್ಯಯದ ಮನೆ ಕಾರಿನ ಬಿಡಿಭಾಗಗಳು. ಅದಕ್ಕೂ ಎರಡು ವಾರ ಮೊದಲು ಬಂದ ಪ್ಲಿಮತ್ ಬ್ಯಾರಾಕುಡಾದ ಅಡಿಯಲ್ಲಿದ್ದದ್ದು 'ವೇಲಿಯಂಟ್'. ಮಸ್ಟಾಂಗ್ ನಿಜಕ್ಕೂ ಮಸಲ್ ಕಾರೋ ಅಥವಾ 'ಪೋನಿ ಕಾರೋ' ಎಂಬುದು ಅಭಿಮಾನಿಗಳು ರಾತ್ರಿಯಿಡೀ ಜಗಳವಾಡುವ ವಿಷಯ. ಆ ಜಗಳ ಅವರಿಗೇ ಇರಲಿ. ಷೆವರ್ಲೆಯ 'ಷೆವೆಲ್' ಎಂಬ ಒಂದೇ ಹೆಸರಿನಲ್ಲಿ ನಾಲ್ಕು ಬಾಗಿಲಿನ ಸೆಡಾನ್ ಸಿಗುತ್ತಿತ್ತು, ಸಾಮಾನು ತುಂಬುವ ಸ್ಟೇಷನ್ ವ್ಯಾಗನ್ ಸಿಗುತ್ತಿತ್ತು, 1970ರಲ್ಲಿ 7.4 ಲೀಟರ್ ಎಂಜಿನ್‌ನ 450 ಅಶ್ವಶಕ್ತಿಯ 'ಎಸ್‌ಎಸ್' ಕೂಡ ಸಿಕ್ಕಿತು. ನಮ್ಮಲ್ಲಿ ಇಂದು ಓಡುವ ಸಾಮಾನ್ಯ 1.2 ಲೀಟರ್ ಹ್ಯಾಚ್‌ಬ್ಯಾಕ್‌ಗಳ ಶಕ್ತಿಯ ಐದು ಪಟ್ಟು ಅಂದುಕೊಳ್ಳಿ.

ಎಲ್ಲಕ್ಕಿಂತ ಮಜಾ ಇರುವುದು 1968ರ ಪ್ಲಿಮತ್ 'ರೋಡ್ ರನ್ನರ್' ಕಥೆಯಲ್ಲಿ. ಪೊಲೀಸ್ ಕಾರು, ಟ್ಯಾಕ್ಸಿಯಾಗಿ ಓಡುತ್ತಿದ್ದ ಬೆಲ್ವೆಡೇರ್‌ನದೇ ಬಾಡಿ. ಒಳಗೆ ಉದ್ದ ಬೆಂಚಿನ ಸೀಟು, ಕಾರ್ಪೆಟ್ ಬದಲು ರಬ್ಬರ್ ಮ್ಯಾಟು. ಉಳಿಸಿದ ದುಡ್ಡನ್ನೆಲ್ಲ 335 ಅಶ್ವಶಕ್ತಿಯ ಎಂಜಿನ್‌ಗೆ ಸುರಿದು, ಆರಂಭಿಕ ಬೆಲೆಯನ್ನು 3,000 ಡಾಲರ್ ಒಳಗೇ ಇಟ್ಟರು. ಕಾರ್ಟೂನ್ ಹಕ್ಕಿಯ ಹೆಸರು ಮತ್ತು ಚಿತ್ರ ಬಳಸಲು ವಾರ್ನರ್ ಬ್ರದರ್ಸ್‌ಗೆ 50 ಸಾವಿರ ಡಾಲರ್ ಕೊಟ್ಟರು. ಹಾರ್ನ್ ಒತ್ತಿದರೆ ಆ ಹಕ್ಕಿಯಂತೆಯೇ 'ಬೀಪ್ ಬೀಪ್'! ಮನೆಯ ಮಕ್ಕಳು ಯಾವ ಕಾರಿನ ಪರವಾಗಿ ಹಟ ಹಿಡಿದಿರಬಹುದು ಎಂದು ಬೇರೆ ಹೇಳಬೇಕಿಲ್ಲ. ಮೊದಲ ವರ್ಷ ಸುಮಾರು 45 ಸಾವಿರ ಕಾರು ಮಾರಾಟವಾದವು.

ಹಾಗಾಗಿ 1966ರಲ್ಲಿ ಅಪ್ಪನ ಷೆವೆಲ್ ಸೆಡಾನ್‌ನ ಹಿಂದಿನ ಸೀಟಿನಲ್ಲಿ ಕೂತಿದ್ದ ಎಂಟು ವರ್ಷದ ಹುಡುಗನಿಗೆ, ಪಕ್ಕದ ಬೀದಿಯ ಯುವಕನ ಷೆವೆಲ್ ಎಸ್‌ಎಸ್ ಬೇರೆ ಲೋಕದ ವಸ್ತುವಾಗಿರಲಿಲ್ಲ. ಅದೇ ಹೆಸರು, ಹೆಚ್ಚುಕಡಿಮೆ ಅದೇ ಮುಖ, ಅದೇ ಡ್ಯಾಶ್‌ಬೋರ್ಡ್‌ನ ಗುರುತು. ಎಂಜಿನ್ ಒಂದೇ ಬೇರೆ. 'ನಮ್ಮ ಕಾರೇ, ಆದರೆ ಸಿಟ್ಟು ಬಂದಿದೆ' ಅನ್ನುವಂತೆ! ಫೆರಾರಿಯ ಪೋಸ್ಟರ್ ನೋಡಿ ಆಸೆಪಡುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ.

ಹಿಂದಿನ ಸೀಟಿನಿಂದ ಕಂಡದ್ದೇನು?

1956ರಲ್ಲಿ ಅಮೆರಿಕ ಅಂತರರಾಜ್ಯ ಹೆದ್ದಾರಿ ಕಾಯ್ದೆ ತಂದಿತು. ದೇಶದ ಉದ್ದಗಲಕ್ಕೂ ಹೆದ್ದಾರಿ ಹಾಸಿದವು. ನಗರದ ಹೊರಗೆ ಬಡಾವಣೆಗಳು ಬೆಳೆದವು. ಕಾರಿಲ್ಲದೆ ಹಾಲು ತರುವುದೂ ಕಷ್ಟ ಎಂಬ ಸ್ಥಿತಿ ಬಂತು. ಬೇಸಿಗೆ ರಜೆ ಎಂದರೆ ಕಾರಿನಲ್ಲಿ ಸಾವಿರಾರು ಕಿಲೋಮೀಟರ್ ಪ್ರಯಾಣ. ಕೆಲವು ಸ್ಟೇಷನ್ ವ್ಯಾಗನ್‌ಗಳಲ್ಲಿ ಕೊನೆಯ ಸೀಟು ಹಿಮ್ಮುಖವಾಗಿರುತ್ತಿತ್ತು. ಅಲ್ಲಿ ಕೂತ ಮಕ್ಕಳು ಹಿಂದೆ ಬರುವ ಕಾರುಗಳ ಮೂತಿ ನೋಡುತ್ತಾ, ಯಾವುದು ಯಾವ ಕಾರು ಎಂದು ಪಂದ್ಯ ಕಟ್ಟುತ್ತಾ ಊರು ಸೇರುತ್ತಿದ್ದರು. ಓಲ್ಡ್ಸ್‌ಮೊಬೈಲ್‌ನ 'ವಿಸ್ಟಾ ಕ್ರೂಸರ್' ವ್ಯಾಗನ್‌ಗೆ ಮಕ್ಕಳ ತಲೆಯ ಮೇಲೆ ಗಾಜಿನ ಚಾವಣಿಯೇ ಇತ್ತು. ಆ ವ್ಯಾಗನ್ ಮತ್ತು '4-4-2' ಎಂಬ ಹೆಸರಾಂತ ಮಸಲ್ ಕಾರು ಒಂದೇ ಮನೆತನದವು.

ಮಗುವಿಗೆ ಅಶ್ವಶಕ್ತಿ ಅರ್ಥವಾಗುವುದಿಲ್ಲ. ಅದು ಗ್ರಹಿಸುವುದು ಬೇರೆಯದನ್ನೇ. ಬಿಸಿಲಿಗೆ ಕಾದ ರೆಕ್ಸಿನ್ ಸೀಟು ತೊಡೆಗೆ ಅಂಟುವುದು, ಪೆಟ್ರೋಲಿನ ವಾಸನೆ, ಗೇರ್ ಮೇಲಿನ ಅಪ್ಪನ ಕೈ, ರಾತ್ರಿ ಹೊತ್ತು ಡ್ಯಾಶ್‌ಬೋರ್ಡ್‌ನ ಹಸಿರು ದೀಪ. ಮತ್ತೆ ಆ ಸದ್ದು.

ಸದ್ದಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ವಿ8 ಎಂದರೆ ಎಂಟು ಸಿಲಿಂಡರ್. ನಾಲ್ಕು ನಾಲ್ಕರ ಎರಡು ಸಾಲುಗಳು ಇಂಗ್ಲಿಷಿನ 'ವಿ' ಅಕ್ಷರದಂತೆ ನಿಂತಿರುತ್ತವೆ. ಎಂಟನ್ನೂ ಒಟ್ಟಿಗೆ ಲೆಕ್ಕ ಹಾಕಿದರೆ ಒಳಗಿನ ಸ್ಫೋಟಗಳು ಸಮ ಅಂತರದಲ್ಲೇ ಆಗುತ್ತವೆ. ಆದರೆ ಅಮೆರಿಕದ ವಿ8ಗಳಲ್ಲಿ ಕ್ರ್ಯಾಂಕ್‌ಶಾಫ್ಟ್‌ನ ವಿನ್ಯಾಸದಿಂದಾಗಿ ಒಂದೊಂದೇ ಸಾಲನ್ನು ನೋಡಿದರೆ ಅಂತರ ಸಮವಿರುವುದಿಲ್ಲ. ಒಮ್ಮೆ ಬೇಗ, ಒಮ್ಮೆ ತಡ. ಒಂದೊಂದು ಸಾಲಿನ ಹೊಗೆ ಬೇರೆ ಬೇರೆ ಪೈಪಿನಲ್ಲಿ ಹೊರಬಂದಾಗ ಈ ಏರುಪೇರು ಕಿವಿಗೆ ಬೀಳುತ್ತದೆ. ಅದೇ ಆ ಗುಡುಗುಡು. ಹೃದಯದ ಬಡಿತದಂತೆ ಲಯವೂ ಇದೆ, ಎಡವಿದಂತೆಯೂ ಇದೆ. ಬುಲೆಟ್ ಬೈಕಿನ ಡುಗ್ ಡುಗ್ ಕೇಳಿ ಬೆಳೆದವರಿಗೆ ಇದು ಥಟ್ಟನೆ ಅರ್ಥವಾದೀತು. ಬೀದಿಯ ತುದಿಯಲ್ಲಿ ಸದ್ದು ಕೇಳಿದ ಕೂಡಲೇ ಅಪ್ಪ ಬಂದರು ಎಂದು ಪುಸ್ತಕ ತೆರೆದು ಕೂತವರು ನಮ್ಮಲ್ಲೂ ಕಡಿಮೆಯೇನಿಲ್ಲ.

ಮೆದುಳು ಏನು ಹೇಳುತ್ತದೆ?

ವಾಸನೆ ಮತ್ತು ನೆನಪಿನ ನಂಟು ವಿಶೇಷವಾದದ್ದು. ವಾಸನೆಯನ್ನು ಗ್ರಹಿಸುವ ಮೆದುಳಿನ ಭಾಗಕ್ಕೆ, ಭಾವನೆಯನ್ನು ನೋಡಿಕೊಳ್ಳುವ ಅಮಿಗ್ಡಲಾ ಹಾಗೂ ನೆನಪನ್ನು ಕಟ್ಟುವ ಹಿಪೊಕ್ಯಾಂಪಸ್ ಜೊತೆ ಬಹಳ ಹತ್ತಿರದ ಸಂಪರ್ಕವಿದೆ. ಹಾಗಾಗಿಯೇ ಹಳೆಯ ಕಾರಿನ ಬಾಗಿಲು ತೆಗೆದಾಗ ಬರುವ ವಾಸನೆ ನಲವತ್ತು ವರ್ಷ ಹಿಂದಕ್ಕೆ ಎಳೆದೊಯ್ಯುವುದು. ಇನ್ನು, ಪದೇ ಪದೇ ಕಂಡದ್ದರ ಮೇಲೆ ತಾನಾಗಿಯೇ ಒಲವು ಮೂಡುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯಾಂಕ್ 1968ರಲ್ಲೇ ಪ್ರಯೋಗಗಳ ಮೂಲಕ ತೋರಿಸಿದ್ದರು. ದಿನಾ ಕೂತು ಓಡಾಡಿದ ಕಾರಿಗಿಂತ ಹೆಚ್ಚು ಬಾರಿ ಕಂಡ ಯಂತ್ರ ಮಗುವಿಗೆ ಯಾವುದಿದ್ದೀತು?

ಕಾರಿನ ಬಗ್ಗೆಯೇ ಒಂದು ಅಧ್ಯಯನ ಇದೆ. ಅಮೆರಿಕದ ಮಾರುಕಟ್ಟೆ ಸಂಶೋಧಕರಾದ ರಾಬರ್ಟ್ ಶಿಂಡ್ಲರ್ ಮತ್ತು ಮಾರಿಸ್ ಹೋಲ್‌ಬ್ರೂಕ್ 2003ರಲ್ಲಿ ಪ್ರಕಟಿಸಿದ್ದು. ಬೇರೆ ಬೇರೆ ಕಾಲದ ಕಾರುಗಳ ವಿನ್ಯಾಸ ತೋರಿಸಿ ಯಾವುದು ಇಷ್ಟ ಎಂದು ಕೇಳಿದಾಗ, ಗಂಡಸರ ಒಲವು ತಾವು ಯುವಕರಾಗಿದ್ದ ಕಾಲದ ಕಾರುಗಳ ಕಡೆಗೆ ವಾಲಿತ್ತು. ಹಳೆಯದನ್ನು ನೆನೆದು ಹಂಬಲಿಸುವ ಸ್ವಭಾವದವರಲ್ಲಿ ಇದು ಇನ್ನೂ ಹೆಚ್ಚು. ಹೆಂಗಸರಲ್ಲಿ ಇಂಥ ಒಲವು ಕಾಣಲಿಲ್ಲ.

ಇಲ್ಲಿ ಎರಡು ಪ್ರಶ್ನೆ ಏಳುತ್ತವೆ. ಹೆಂಗಸರಲ್ಲಿ ಏಕಿಲ್ಲ? ಹುಟ್ಟುಗುಣ ಎಂದು ತಳ್ಳಿಹಾಕುವುದು ಸುಲಭ. ಆದರೆ ಭಾನುವಾರ ಅಪ್ಪ ಬಾನೆಟ್ ಎತ್ತಿದಾಗ ಟಾರ್ಚ್ ಹಿಡಿಯಲು ಕರೆಯುತ್ತಿದ್ದದ್ದು ಮಗನನ್ನೋ ಮಗಳನ್ನೋ ಎಂದು ಯೋಚಿಸಿದರೆ ಉತ್ತರ ಬೇರೆಯೇ ಸಿಗಬಹುದು. ಎರಡನೆಯದು, ಅಧ್ಯಯನ ಹೇಳುವುದು ಯೌವನದ ಬಗ್ಗೆ, ಬಾಲ್ಯದ ಬಗ್ಗೆ ಅಲ್ಲ. ಹಾಗಾದರೆ ಹಿಂದಿನ ಸೀಟಿನ ಕಥೆ ಸುಳ್ಳೇ?

ಅಲ್ಲ. ಮಸಲ್ ಕಾರಿನ ವಿಷಯದಲ್ಲಿ ಬಾಲ್ಯ ಮತ್ತು ಯೌವನ ಒಂದಕ್ಕೊಂದು ಬೆಸೆದುಕೊಂಡಿದ್ದು ಇತಿಹಾಸದ ಆಕಸ್ಮಿಕದಿಂದ.

ಕುಸಿದ ಬೆಲೆ, ಸಿಕ್ಕ ಕಾರು

ಮಸಲ್ ಕಾರುಗಳ ಆಟ ಹತ್ತು ವರ್ಷವೂ ನಡೆಯಲಿಲ್ಲ. ಅವು ಅಪಾಯಕಾರಿಯಾಗಿದ್ದವು ಎಂಬುದನ್ನು ಮರೆಯಬಾರದು. ಎಂಜಿನ್ ದೊಡ್ಡದಾಯಿತೇ ಹೊರತು ಬ್ರೇಕು, ಟೈರು ಅದಕ್ಕೆ ತಕ್ಕಂತೆ ಬೆಳೆಯಲಿಲ್ಲ. ಬಹಳಷ್ಟು ಕಾರುಗಳು ನಾಲ್ಕೂ ಗಾಲಿಗೆ ಹಳೆಯ ಡ್ರಮ್ ಬ್ರೇಕಿನೊಂದಿಗೇ ಬರುತ್ತಿದ್ದವು. ಅಮೆರಿಕದಲ್ಲಿ ಹೊಸ ಕಾರುಗಳಿಗೆ ಸೀಟ್ ಬೆಲ್ಟ್ ಕಡ್ಡಾಯವಾದದ್ದೇ 1968ರಲ್ಲಿ. ಹಿಂದಿನ ಸೀಟಿನ ಮೇಲೆ ಮಕ್ಕಳು ಕುಣಿಯುತ್ತಿದ್ದರು ಎಂದು ಇಂದು ನಗುತ್ತಾ ನೆನೆಸಿಕೊಳ್ಳುವವರು, ಬದುಕಿ ಉಳಿದವರು. ಕಾರು ಕಂಪನಿಗಳ ಸುರಕ್ಷತಾ ನಿರ್ಲಕ್ಷ್ಯವನ್ನು ಬಯಲಿಗೆಳೆದ ರಾಲ್ಫ್ ನೇಡರ್ ಅವರ ಪುಸ್ತಕ 1965ರಲ್ಲಿ ಬಂತು, ಮರುವರ್ಷವೇ ಸಂಸತ್ತು ವಾಹನ ಸುರಕ್ಷತಾ ಕಾಯ್ದೆ ತಂದಿತು.

ಆಮೇಲೆ ಒಂದರ ಹಿಂದೊಂದು ಪೆಟ್ಟು. ವಿಮಾ ಕಂಪನಿಗಳು ಯುವ ಚಾಲಕರ ಪ್ರೀಮಿಯಂ ಏರಿಸಿದವು. 1970ರ ಶುದ್ಧ ಗಾಳಿ ಕಾಯ್ದೆಯ ನಂತರ ಎಂಜಿನ್‌ಗಳ ಬಲ ತಗ್ಗಿಸಬೇಕಾಯಿತು. 1973ರ ಅಕ್ಟೋಬರ್‌ನಲ್ಲಿ ಅರಬ್ ರಾಷ್ಟ್ರಗಳು ತೈಲ ನಿರ್ಬಂಧ ಹೇರಿದಾಗ ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟಾಯಿತು. ಪೆಟ್ರೋಲ್ ಬಂಕ್‌ಗಳ ಮುಂದೆ ಕಿಲೋಮೀಟರ್‌ಗಟ್ಟಲೆ ಸರದಿ. ಎಲ್ಲವನ್ನೂ ಶುರುಮಾಡಿದ್ದ ಜಿಟಿಒ 1974ಕ್ಕೆ ನಿಂತುಹೋಯಿತು.

ಪೆಟ್ರೋಲ್ ಕುಡಿಯುವ ಈ ಕಾರುಗಳು ಯಾರಿಗೂ ಬೇಡವಾದವು. ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಬೆಲೆ ನೆಲಕಚ್ಚಿತು. ಅದೇ ಹೊತ್ತಿಗೆ 1966ರಲ್ಲಿ ಹಿಂದಿನ ಸೀಟಿನಲ್ಲಿದ್ದ ಆ ಎಂಟು ವರ್ಷದ ಹುಡುಗನಿಗೆ ಹದಿನೇಳು ತುಂಬಿತ್ತು, ಕೈಯಲ್ಲಿ ಲೈಸೆನ್ಸ್ ಇತ್ತು. ಹೋಟೆಲಿನಲ್ಲಿ ತಟ್ಟೆ ತೊಳೆದು ಉಳಿಸಿದ ದುಡ್ಡಿಗೆ ಅವನಿಗೆ ಸಿಕ್ಕಿದ್ದು ಯಾರೋ ಬಿಟ್ಟುಕೊಟ್ಟ ಷೆವೆಲ್ ಎಸ್‌ಎಸ್. ಅಥವಾ ಅಪ್ಪ ಹೊಸ ಚಿಕ್ಕ ಕಾರು ಕೊಂಡು, ಹಳೆಯದರ ಕೀಲಿಯನ್ನು ಮಗನಿಗೇ ಕೊಟ್ಟಿದ್ದರು. ರಿಪೇರಿ ಅಂಗಳದಲ್ಲೇ ಆಗುತ್ತಿತ್ತು. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ, ಕಾರ್ಬ್ಯುರೇಟರ್ ಬಿಚ್ಚಿ ತೊಳೆದು ಜೋಡಿಸಿದರೆ ಗಾಡಿ ಓಡುತ್ತಿತ್ತು. ಅಪ್ಪ ಸ್ಪ್ಯಾನರ್ ಹಿಡಿದದ್ದನ್ನು ನೋಡಿದ್ದವನು ತಾನೇ ಸ್ಪ್ಯಾನರ್ ಹಿಡಿದ.

ಮದುವೆ, ಮಕ್ಕಳು, ಮನೆ ಸಾಲ ಬಂದಾಗ ಆ ಕಾರು ಮಾರಿದ. ಐವತ್ತರ ಹತ್ತಿರ ಬಂದಾಗ ಮಕ್ಕಳು ದೊಡ್ಡವರಾಗಿದ್ದರು, ಸಾಲ ತೀರಿತ್ತು. ಆಗ ಮತ್ತೆ ಅದೇ ಕಾರು ಹುಡುಕಿ ಹೊರಟ. ಅವನಂತೆಯೇ ಆ ತಲೆಮಾರಿನ ಸಾವಿರಾರು ಜನ. 2000ದ ನಂತರ ಹರಾಜುಗಳಲ್ಲಿ ಬೆಲೆ ಗಗನಕ್ಕೇರಿದ್ದು ಹೀಗೆ. 1971ರ ಪ್ಲಿಮತ್ ಹೆಮಿ ಕುಡಾ ಕನ್ವರ್ಟಿಬಲ್ ಒಂದು 2014ರಲ್ಲಿ 35 ಲಕ್ಷ ಡಾಲರ್‌ಗೆ ಮಾರಾಟವಾಯಿತು. ಅಂಥ ಕಾರು ತಯಾರಾಗಿದ್ದೇ ಹನ್ನೊಂದು ಎನ್ನಲಾಗುತ್ತದೆ. ಇದು ಕೋಟ್ಯಧಿಪತಿಗಳ ಆಟ, ನಿಜ. ಆದರೆ ಶೆಡ್ಡಿನಲ್ಲಿ ತುಕ್ಕು ಹಿಡಿದ ನಾಲ್ಕು ಬಾಗಿಲಿನ ಸೆಡಾನ್ ಅನ್ನು, 'ಅಪ್ಪನದು' ಎಂಬ ಒಂದೇ ಕಾರಣಕ್ಕೆ ಅದರ ಬೆಲೆಗಿಂತ ಹೆಚ್ಚು ಸುರಿದು ರಿಪೇರಿ ಮಾಡಿಸುವವರ ಸಂಖ್ಯೆಯೇ ದೊಡ್ಡದು. ಅವರ ಲೆಕ್ಕ ಯಾವ ಹರಾಜಿನಲ್ಲೂ ಸಿಗುವುದಿಲ್ಲ.

ಆಸ್ಟ್ರೇಲಿಯಾದಲ್ಲಿ ಮನೆಯೇ ಎರಡು ಪಕ್ಷ

ಮನೆ ಕಾರು ಮತ್ತು ಮಸಲ್ ಕಾರಿನ ನಡುವಿನ ಗೆರೆ ಅಮೆರಿಕಕ್ಕಿಂತಲೂ ತೆಳುವಾಗಿದ್ದದ್ದು ಆಸ್ಟ್ರೇಲಿಯಾದಲ್ಲಿ. ಅಲ್ಲಿ 1967ರಲ್ಲಿ ಬಂದ ಫೋರ್ಡ್ ಫಾಲ್ಕನ್ ಜಿಟಿ ನಾಲ್ಕು ಬಾಗಿಲಿನ ಅಪ್ಪಟ ಫ್ಯಾಮಿಲಿ ಸೆಡಾನ್. ಒಳಗೆ ಮಾತ್ರ ವಿ8. 1971ರ 'ಜಿಟಿಎಚ್‌ಒ ಫೇಸ್ 3' ಆ ಕಾಲದ ಅತಿ ವೇಗದ ನಾಲ್ಕು ಬಾಗಿಲಿನ ಕಾರುಗಳಲ್ಲಿ ಒಂದು. ಬಾಥರ್ಸ್ಟ್ ರೇಸಿನಲ್ಲಿ ಓಡುತ್ತಿದ್ದದ್ದು ಜನ ಶೋರೂಮ್‌ನಲ್ಲಿ ಕೊಳ್ಳಬಹುದಾದ ಕಾರುಗಳೇ. ಹಾಗಾಗಿ ಟಿವಿಯಲ್ಲಿ ಗೆದ್ದದ್ದು 'ನಮ್ಮ ಮನೆ ಕಾರು'. ಅಪ್ಪನದು ಫೋರ್ಡ್ ಆಗಿದ್ದರೆ ಮಗನೂ ಫೋರ್ಡ್, ಹೋಲ್ಡನ್ ಆಗಿದ್ದರೆ ಮಗನೂ ಹೋಲ್ಡನ್. ನಮ್ಮಲ್ಲಿ ರಾಜ್‌ಕುಮಾರ್-ವಿಷ್ಣುವರ್ಧನ್ ಅಭಿಮಾನಿಗಳಿದ್ದಂತೆ! 1979ರ 'ಮ್ಯಾಡ್ ಮ್ಯಾಕ್ಸ್' ಸಿನಿಮಾದ ಕಪ್ಪು ಕಾರೂ ಫಾಲ್ಕನ್ ವಂಶದ್ದೇ. 2016ರ ಅಕ್ಟೋಬರ್‌ನಲ್ಲಿ ಫೋರ್ಡ್, 2017ರ ಅಕ್ಟೋಬರ್‌ನಲ್ಲಿ ಹೋಲ್ಡನ್ ಆಸ್ಟ್ರೇಲಿಯಾದ ಕಾರ್ಖಾನೆ ಮುಚ್ಚಿದಾಗ ಗೇಟಿನ ಹೊರಗೆ ಹಳೆಯ ಕಾರುಗಳನ್ನು ತಂದು ನಿಲ್ಲಿಸಿ ಕಣ್ಣೀರಿಟ್ಟವರಿದ್ದರು.

ನಮ್ಮಲ್ಲಿ ಏಕೆ ಬರಲಿಲ್ಲ?

ಅಮೆರಿಕನ್ ಕಾರು ಭಾರತಕ್ಕೆ ಹೊಸತೇನಲ್ಲ. ಮುಂಬೈನ ಸೆವ್ರಿಯಲ್ಲಿ ಜನರಲ್ ಮೋಟಾರ್ಸ್ 1928ರಲ್ಲೇ ಷೆವರ್ಲೆ ಕಾರುಗಳನ್ನು ಜೋಡಿಸಲು ಶುರುಮಾಡಿತ್ತು. ಆದರೆ ಬಿಡಿಭಾಗಗಳನ್ನು ಇಲ್ಲೇ ತಯಾರಿಸುವ ಯೋಜನೆ ಇಲ್ಲದ ಕಂಪನಿಗಳಿಗೆ ಜಾಗವಿಲ್ಲ ಎಂದು ಸರ್ಕಾರ 1953ರಲ್ಲಿ ನೀತಿ ತಂದಿತು. ಮರುವರ್ಷ ಅದು ಬಾಗಿಲು ಹಾಕಿತು. ಹತ್ತು ವರ್ಷದ ಬಳಿಕ ಅಮೆರಿಕದಲ್ಲಿ ಜಿಟಿಒ ಹುಟ್ಟಿದಾಗ ನಮ್ಮ ಮಕ್ಕಳು ಅಂಬಾಸಿಡರ್‌ನ ಹಿಂದಿನ ಸೀಟಿನಲ್ಲೋ ಫಿಯೆಟ್‌ನ ಕಿಟಕಿಯ ಬಳಿಯೋ ಇದ್ದರು, ಚೆನ್ನೈ ಕಡೆಯಲ್ಲಾದರೆ ಸ್ಟ್ಯಾಂಡರ್ಡ್ ಹೆರಾಲ್ಡ್. ಅದೂ ಕಾರಿದ್ದ ಕೆಲವೇ ಮನೆಗಳ ಮಕ್ಕಳು. ಉಳಿದವರಿಗೆ ನೆಂಟರ ಮದುವೆಗೆ ಮಾಡಿಸಿದ ಟ್ಯಾಕ್ಸಿಯೇ ಕಾರು.

ಆದರೂ ನಮ್ಮಲ್ಲೊಂದು 'ದೇಸಿ ಮಸಲ್ ಕಾರು' ಇದೆ ಎಂದು ಅಭಿಮಾನಿಗಳು ಎದೆ ತಟ್ಟಿ ಹೇಳುತ್ತಾರೆ: ಹಿಂದೂಸ್ತಾನ್ ಕಾಂಟೆಸ್ಸಾ. 1984ರಲ್ಲಿ ಬಂದ ಈ ಕಾರಿನ ಮೂಲ, ಜನರಲ್ ಮೋಟಾರ್ಸ್‌ನದೇ ಬ್ರಿಟಿಷ್ ಕಂಪನಿ ವಾಕ್ಸ್‌ಹಾಲ್‌ನ ವಿಎಕ್ಸ್ ಮಾದರಿ. ಉದ್ದ ಬಾನೆಟ್, ನಾಲ್ಕು ದುಂಡು ಹೆಡ್‌ಲೈಟು, ಅಗಲ ಎದೆ. ನೋಟವೇನೋ ಭರ್ಜರಿ. ಆದರೆ ಶುರುವಿನಲ್ಲಿ ಒಳಗೆ ಇದ್ದದ್ದು ಅಂಬಾಸಿಡರ್‌ನ 1.5 ಲೀಟರ್ ಎಂಜಿನ್, ಸುಮಾರು 50 ಅಶ್ವಶಕ್ತಿ! ಮನೆ ಕಾರಿಗೆ ದೊಡ್ಡ ಎಂಜಿನ್ ಇಟ್ಟರೆ ಮಸಲ್ ಕಾರು ಎಂಬ ಸೂತ್ರವನ್ನೇ ತಲೆಕೆಳಗು ಮಾಡಿದಂತೆ. ಆಮೇಲೆ ಇಸುಝು ಕಂಪನಿಯ 1.8 ಲೀಟರ್ ಎಂಜಿನ್ ಬಂದ ಮೇಲೆ ಕಾರಿಗೆ ಜೀವ ಬಂತು. 2002ರಲ್ಲಿ ಉತ್ಪಾದನೆ ನಿಂತಿತು. ಅಪ್ಪನದೋ ಅಜ್ಜನದೋ ಕಾಂಟೆಸ್ಸಾವನ್ನು ಕಪ್ಪು ಬಣ್ಣ ಬಳಿಸಿ, ಅಗಲ ಟೈರು ಹಾಕಿಸಿ ಕಾಪಾಡಿಕೊಂಡವರು ಇಂದಿಗೂ ಇದ್ದಾರೆ. ಅಸಲಿ ಮಸ್ಟಾಂಗ್ ಅಧಿಕೃತವಾಗಿ ಭಾರತಕ್ಕೆ ಬಂದದ್ದು 2016ರಲ್ಲಿ. ಶೋರೂಮ್ ಬೆಲೆ 65 ಲಕ್ಷ ರೂಪಾಯಿ. ಮನೆ ಕಾರಿನಿಂದ ಹುಟ್ಟಿದ ಕಾರು ನಮ್ಮಲ್ಲಿ ಮನೆಯ ಬೆಲೆಗೆ ಬಂತು.

ಅಶ್ವಶಕ್ತಿ ಇಲ್ಲದೆಯೂ ಈ ಪ್ರೀತಿ ಹುಟ್ಟುತ್ತದೆ ಎಂಬುದಕ್ಕೆ ಮುಂಬೈನವರಿಗೆ ಸಾಕ್ಷಿ ಬೇಡ. 2023ರ ಅಕ್ಟೋಬರ್ ಕೊನೆಯಲ್ಲಿ ನಗರದ ಕಟ್ಟಕಡೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಮರೆಯಾದಾಗ, ಒಂದನ್ನಾದರೂ ಮ್ಯೂಸಿಯಂನಲ್ಲಿಡಿ ಎಂಬ ಕೂಗು ಎದ್ದಿತ್ತು. ಸುಮಾರು 40 ಅಶ್ವಶಕ್ತಿಯ ಆ ಪುಟ್ಟ ಕಾರನ್ನು ಯಾರೂ ವೇಗಕ್ಕಾಗಿ ಪ್ರೀತಿಸಿರಲಿಲ್ಲ.

ಅಪ್ಪನ ಕಾರು ಉಳಿಸಿಕೊಳ್ಳಬಹುದೇ?

ಹಳೆಯ ಕಾರು ಇರುವವರಿಗೆ ಇದೇ ನಿಜವಾದ ಪ್ರಶ್ನೆ. ಕೇಂದ್ರ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು. ಹೊಸ ನೋಂದಣಿ ಶುಲ್ಕ 20 ಸಾವಿರ ರೂಪಾಯಿ, ನಂಬರ್ ಪ್ಲೇಟ್‌ನಲ್ಲಿ 'ವಿಎ' ಅಕ್ಷರ. ಪ್ರದರ್ಶನ, ರ‍್ಯಾಲಿಯಂಥ ಸಂದರ್ಭಕ್ಕೆ ಓಡಿಸಬಹುದು, ದಿನನಿತ್ಯದ ಓಡಾಟಕ್ಕಲ್ಲ.

ತೊಡಕು ಇರುವುದು ಮಧ್ಯದಲ್ಲಿ. 1988ರ ಕಾಂಟೆಸ್ಸಾ 2038ರವರೆಗೂ ವಿಂಟೇಜ್ ಆಗುವುದಿಲ್ಲ. ದೆಹಲಿ ಎನ್‌ಸಿಆರ್‌ನಲ್ಲಿ 15 ವರ್ಷ ಮೀರಿದ ಪೆಟ್ರೋಲ್ ಹಾಗೂ 10 ವರ್ಷ ಮೀರಿದ ಡೀಸೆಲ್ ವಾಹನ ಓಡಬಾರದು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತ್ತು. ಅದರ ಜಾರಿ ಆಮೇಲೆ ಹಲವು ತಿರುವು ಕಂಡಿದೆ. ಬೇರೆ ಕಡೆ ಫಿಟ್‌ನೆಸ್ ಪರೀಕ್ಷೆ ಮಾಡಿಸಿ ನೋಂದಣಿ ನವೀಕರಿಸಿಕೊಳ್ಳುವ ದಾರಿಯಿದೆ. ಎಂಜಿನ್ ಬದಲಿಸುವ ಆಸೆಯಿದ್ದರೆ ಮೊದಲು ಆರ್‌ಟಿಒ ಅನುಮತಿ ಬೇಕೇ ಬೇಕು. ಮಾಲಿನ್ಯದ ನಗರದಲ್ಲಿ ಈ ಬಿಗಿ ತಪ್ಪೆನ್ನಲಾಗದು. ಆದರೆ ತಿಂಗಳಿಗೊಮ್ಮೆ ಭಾನುವಾರ ಬೆಳಗ್ಗೆ ಹೊರಬರುವ ಅಜ್ಜನ ಕಾರಿಗೂ ದಿನಾ ಓಡುವ ಟೆಂಪೋಗೂ ಒಂದೇ ಅಳತೆಗೋಲು ಇಟ್ಟದ್ದು ಸರಿಯೇ ಎಂಬ ಪ್ರಶ್ನೆ ಉಳಿದೇ ಇದೆ.

ಮುಂದಿನ ಮಕ್ಕಳಿಗೆ ಯಾವ ಸದ್ದು?

ಅಮೆರಿಕದಲ್ಲೇ ಮಸಲ್ ಕಾರಿನ ಕಾಲ ಮತ್ತೊಮ್ಮೆ ತಿರುಗುತ್ತಿದೆ. 2023ರ ಡಿಸೆಂಬರ್ ಒಂದೇ ತಿಂಗಳಲ್ಲಿ ಷೆವರ್ಲೆ ಕಮಾರೊ ಮತ್ತು ಡಾಡ್ಜ್ ಚಾಲೆಂಜರ್ ಎರಡರ ಉತ್ಪಾದನೆಯೂ ನಿಂತಿತು. ಮಸ್ಟಾಂಗ್‌ನ ವಿ8 ಮಾತ್ರ ಇನ್ನೂ ಉಸಿರಾಡುತ್ತಿದೆ. 1964ರಲ್ಲಿ ಹದಿನೆಂಟು ತುಂಬಿದವರಿಗೆ ಈಗ ಎಂಬತ್ತರ ಆಸುಪಾಸು. ಅವರ ಶೆಡ್ಡುಗಳಲ್ಲಿರುವ ಕಾರುಗಳು ಮಕ್ಕಳ ಕೈಗೆ ಬರುತ್ತಿವೆ. ಆ ಮಕ್ಕಳಲ್ಲಿ ಕೆಲವರು ಇಟ್ಟುಕೊಳ್ಳುತ್ತಾರೆ, ಹಲವರು ಮಾರುತ್ತಾರೆ. ಬುಲಿಟ್ ಕಾರನ್ನು ಹರಾಜಿಗೆ ತಂದದ್ದೂ ಅದನ್ನು ನೋಡುತ್ತಾ ಬೆಳೆದ ಮಗನೇ.

ಇತ್ತ ಡಾಡ್ಜ್ ಕಂಪನಿ 'ಚಾರ್ಜರ್ ಡೇಟೋನಾ' ಎಂಬ ವಿದ್ಯುತ್ ಮಸಲ್ ಕಾರು ತಂದಿದೆ. ವಿದ್ಯುತ್ ಕಾರಿಗೆ ಸೈಲೆನ್ಸರ್ ಬೇಕಿಲ್ಲ, ಗುಡುಗುಡು ಎನ್ನಲು ಎಂಜಿನ್ನೇ ಇಲ್ಲ. ಆದರೂ ಎಂಜಿನಿಯರ್‌ಗಳು ಸದ್ದನ್ನು ಬಿಡಲು ಒಪ್ಪಲಿಲ್ಲ. ಸ್ಪೀಕರ್‌ಗಳ ಮೂಲಕ ವಿ8ನಂಥ ಗರ್ಜನೆ ಹೊರಡಿಸುವ ಕೃತಕ ಎಕ್ಸಾಸ್ಟ್ ವ್ಯವಸ್ಥೆಯನ್ನೇ ಅದಕ್ಕೆ ಜೋಡಿಸಿದ್ದಾರೆ. ಹಳೆಯ ಅಭಿಮಾನಿಗಳು ಇದನ್ನು ಕೇಳಿ ನಕ್ಕರು, ಕೆಲವರು ಸಿಟ್ಟಾದರು. ಈ ಹೊಸ ಚಾರ್ಜರ್‌ಗೂ ಹಿಂದೊಂದು ಸೀಟಿದೆ. ಅಲ್ಲಿ ಕೂರುವ ಮಕ್ಕಳು ಮೊದಲ ಬಾರಿ ಕೇಳುವುದು ಆ ಸ್ಪೀಕರಿನ ಸದ್ದನ್ನೇ.